ಮೇಲಣ ಊರು, ಕೆಳಗಣ ಊರು

ಬ್ರೆಜಿಲ್ ದೇಶದ ಬಾಹಿಯಾ ಸೀಮೆಯಲ್ಲಿ, ಅಟ್ಲಾಂಟಿಕ್ ಸಾಗರದ ದೊಡ್ಡ ಕೊಲ್ಲಿಯೊಂದರ ಬಾಯಲ್ಲಿ, ಸಾಲ್ವಡಾರ್ ಪಟ್ಟಣ ಹುಟ್ಟಿದ್ದು 1549ರಲ್ಲಿ. ಪೋರ್ಚುಗಲ್ ದೊರೆಯ ಅಪ್ಪಣೆ ಹೊತ್ತು ಬಂದ ತೊಮೆ ದೆ ಸೋಜಾ ಶತ್ರುಭಯದಿಂದ ಕಡಿದಾದ ದಿಬ್ಬದ ನೆತ್ತಿಯನ್ನೇ ಆರಿಸಿಕೊಂಡು ಅಲ್ಲಿ ರಾಜಧಾನಿಯನ್ನು ನಿಲ್ಲಿಸಿದ. ಬಂದರು, ಉಗ್ರಾಣ, ಪೇಟೆಗಳು ಬುಡದಲ್ಲೇ ಬೆಳೆದವು. ಒಂದೇ ಪಟ್ಟಣ ಮೇಲಣ ಊರು, ಕೆಳಗಣ ಊರು ಎಂದು ಎರಡಾಯಿತು. ಆಳುವವರೂ ಪಾದ್ರಿಗಳೂ ಮೇಲಿದ್ದರು. ಅವರು ಉಣ್ಣುವ ಉಡುವ ವಸ್ತುಗಳೆಲ್ಲ ಹಡಗಿನಿಂದ ಇಳಿಯುತ್ತಿದ್ದುದು ಕೆಳಗೆ.

ಜೆಸ್ಯುಯಿಟ್ ಪಾದ್ರಿಗಳು ಸರಕೆತ್ತಲು ಹಗ್ಗದ ಯಂತ್ರವೊಂದನ್ನು ಇಟ್ಟುಕೊಂಡಿದ್ದರು, ನಿಜ. ಆದರೆ ಮುನ್ನೂರು ವರ್ಷ ಈ ಪಟ್ಟಣದ ಭಾರವನ್ನು ಮೇಲೇರಿಸಿದ್ದು ಆಫ್ರಿಕಾದಿಂದ ಸೆರೆಹಿಡಿದು ತಂದವರ ಹೆಗಲು. ಪೀಪಾಯಿಗಳನ್ನು ದೊಣ್ಣೆಗೆ ತೂಗಿಸಿ, ಹಾಡಿನ ಲಯಕ್ಕೆ ಹೆಜ್ಜೆ ಹೊಂದಿಸಿ ಅವರು ಏರುದಾರಿ ಹತ್ತುತ್ತಿದ್ದರು. ಸಿರಿವಂತರೂ ಪರದೆ ಇಳಿಬಿಟ್ಟ ಮೇನೆಯಲ್ಲಿ ಕುಳಿತು ಅದೇ ಹೆಗಲುಗಳ ಮೇಲೆ ಮನೆ ಸೇರುತ್ತಿದ್ದರು.

ಈ ಹಮಾಲರ ಬದುಕು ವಿಚಿತ್ರವಾಗಿತ್ತು. ಕೆಲವರು ಬಿಡುಗಡೆ ಪಡೆದವರು, ಉಳಿದವರು ಗುಲಾಮರು. ಬೀದಿಯಲ್ಲಿ ದುಡಿದು ಒಡೆಯನಿಗೆ ಗೊತ್ತುಮಾಡಿದ ಹಣ ಒಪ್ಪಿಸಿ, ಮಿಕ್ಕ ಕಾಸಿಗೆ ಕಾಸು ಕೂಡಿಸಿ ತಮ್ಮ ಬಿಡುಗಡೆಯನ್ನೇ ಕೊಂಡುಕೊಂಡವರು ಅವರಲ್ಲಿದ್ದರು. 1857ರಲ್ಲಿ ಪುರಸಭೆಯು ಪ್ರತಿಯೊಬ್ಬ ಹಮಾಲನೂ ಹೆಸರು ಬರೆಸಿ, ಹಣ ತೆತ್ತು, ಕೊರಳಲ್ಲಿ ಲೋಹದ ಬಿಲ್ಲೆ ಕಟ್ಟಿಕೊಳ್ಳತಕ್ಕದ್ದೆಂದು ಕಟ್ಟಳೆ ಮಾಡಿತು. ಜೂನ್ 1ರಂದು ಹಮಾಲರು ಹೊರೆ ಇಳಿಸಿಬಿಟ್ಟರು. ವಾರಕ್ಕೂ ಮಿಗಿಲಾಗಿ ಸರಕು ಬಂದರಿನಲ್ಲಿ ಕೊಳೆಯಿತು, ವ್ಯಾಪಾರ ನಿಂತಿತು. ಅಧಿಕಾರಿಗಳು ಶುಲ್ಕವನ್ನು ಕೈಬಿಟ್ಟರೂ ಬಿಲ್ಲೆಯ ಅವಮಾನಕ್ಕೆ ಅನೇಕರು ಕೊರಳೊಡ್ಡಲಿಲ್ಲ. ಸಾಲ್ವಡಾರ್‌ನ ಚರಿತ್ರೆಯಲ್ಲಿ ಇದಕ್ಕಿಂತ ಘನವಾದ ದಿನಗಳು ವಿರಳವೆಂದೇ ನನ್ನ ಎಣಿಕೆ.

ಆ ಬಳಿಕ ಬಂದವನು ಆಂಟೋನಿಯೊ ದೆ ಲಾಸೆರ್ಡಾ ಎಂಬ ಉದ್ಯಮಿ. 1869ರಲ್ಲಿ ಅವನು ಬೆಟ್ಟದ ಬಂಡೆಯನ್ನು ಕೊರೆಸಿ, ನೀರಿನ ಒತ್ತಡದಿಂದ ನಡೆಯುವ ಲಿಫ್ಟಿನ ಕೆಲಸಕ್ಕೆ ಕೈಹಚ್ಚಿದ. 1873ರ ಡಿಸೆಂಬರ್ 8ರಂದು, ದಿಬ್ಬದ ಬುಡದ ಚರ್ಚಿನ ಕನ್ಸೇಯ್ಸಾಂವ್ ಮಾತೆಯ ಹಬ್ಬದ ದಿನವೇ, ಅದು ಸಾರ್ವಜನಿಕರಿಗೆ ತೆರೆಯಿತು. ಜನ ಅದನ್ನು ಪ್ರೀತಿಯಿಂದ 'ತಿರುಪು' ಎಂದು ಕರೆದರು. ಹಣ ತೆತ್ತ ಯಾರೇ ಆದರೂ ಇನ್ನೊಬ್ಬರ ಹೆಗಲೇರದೆ ಮೇಲಣ ಊರಿಗೆ ಹೋಗಬಹುದಾಯಿತು. ಆದರೂ ಬ್ರೆಜಿಲ್‌ನಲ್ಲಿ ಗುಲಾಮಗಿರಿ ಅಳಿಯಲು 1888ರ ಮೇ ತಿಂಗಳು ಬರಬೇಕಾಯಿತು. ಹದಿನಾಲ್ಕು ವರ್ಷ ಯಂತ್ರವೂ ಗುಲಾಮರೂ ಒಂದೇ ದಿಬ್ಬವನ್ನು ಏರಿದರು.

1896ರಲ್ಲಿ ಲಿಫ್ಟಿಗೆ ಲಾಸೆರ್ಡಾನ ಹೆಸರು ಬಂತು; 1906ರಲ್ಲಿ ವಿದ್ಯುತ್ತು ಬಂತು. ಇಂದು ಕಾಣುವ ರೂಪ 1930ರದು: ಬೆಳ್ಳನೆಯ ಸರಳ ಗೆರೆಗಳ, 72 ಮೀಟರ್ ಎತ್ತರದ ಗೋಪುರ, ಅದನ್ನು ದಿಬ್ಬಕ್ಕೆ ಸೇರಿಸುವ ಸೇತುವೆ. 2006ರಲ್ಲಿ ಬ್ರೆಜಿಲ್ ಸರ್ಕಾರ ಇದನ್ನು ರಾಷ್ಟ್ರೀಯ ಸ್ಮಾರಕಗಳ ಸಾಲಿಗೆ ಸೇರಿಸಿತು.

ನೋಡಹೋಗುವವರು ಬಂದರಿನ ಬಳಿಯ ಕಯ್ರು ಚೌಕದಲ್ಲಿ ಲಿಫ್ಟ್ ಹತ್ತಿದರೆ ಅರ್ಧ ನಿಮಿಷದಲ್ಲಿ ತೊಮೆ ದೆ ಸೋಜಾ ಚೌಕದಲ್ಲಿರುತ್ತಾರೆ. ಕೊಲ್ಲಿಯೆಲ್ಲ ಕಣ್ಣಿಗೆ ಬೀಳುತ್ತದೆ. ಇಳಿಯುವಾಗ ಮಾತ್ರ ಕನ್ಸೇಯ್ಸಾಂವ್ ಇಳಿಜಾರಿನಲ್ಲಿ ನಡೆದೇ ಬರಬೇಕು. ಕಲ್ಲುಕಮಾನುಗಳ ಕೆಳಗಿನ ಕಮ್ಮಾರರ ಅಂಗಡಿಗಳನ್ನು ದಾಟಿ, ಆ ಹಮಾಲರು ತುಳಿದ ದಿಬ್ಬದ ಕಡಿದನ್ನು ಕಾಲಿನಿಂದಲೇ ಅಳೆಯಬೇಕು.