ಕ್ಯಾರವಾನ್ ಪ್ರವಾಸಕ್ಕೆ ಮುನ್ನ ತಪಾಸಣೆ

ಕಾರಿನ ಹಿಂದೆ ಜೋಡಿಸಿ ಎಳೆದೊಯ್ಯುವ ಸಂಚಾರಿ ಮನೆಯೇ ಕ್ಯಾರವಾನ್. ಬ್ರಿಟನ್ನಿನಲ್ಲಿ ಹಳೆಯ ಕಾರುಗಳಿಗೆ ಪ್ರತಿವರ್ಷ 'ಎಂಒಟಿ' ಸುರಕ್ಷತಾ ತಪಾಸಣೆ ಕಡ್ಡಾಯ. ಆದರೆ ಅವು ಎಳೆಯುವ ಕ್ಯಾರವಾನ್‌ಗಳಿಗೆ ಅಂತಹ ವಾರ್ಷಿಕ ಪ್ರಮಾಣಪತ್ರ ಬೇಕಿಲ್ಲ. ಹಾಗೆಂದು ವಿನಾಯಿತಿಯೇನೂ ಇಲ್ಲ. ರಸ್ತೆಗಿಳಿದ ಕ್ಯಾರವಾನ್ ಸುಸ್ಥಿತಿಯಲ್ಲಿರುವಂತೆ ನೋಡಿಕೊಳ್ಳುವ ಹೊಣೆ ಚಾಲಕನದು.

ಟೈರ್: ತಿಂಗಳುಗಟ್ಟಲೆ ನಿಂತಲ್ಲೇ ನಿಂತ ಟೈರ್ ಸವೆಯದಿದ್ದರೂ ಬಿರುಕು ಬಿಡಬಹುದು. ಟ್ರೆಡ್ ಆಳ ಕನಿಷ್ಠ 1.6 ಮಿ.ಮೀ. ಇರಬೇಕು. ಟೈರಿನ ಪಕ್ಕದಲ್ಲಿ ಅಚ್ಚಾದ ತಯಾರಿಕಾ ಸಂಖ್ಯೆಯ ಮೊದಲ ಎರಡು ಅಂಕಿ ವಾರವನ್ನೂ ನಂತರದ ಎರಡು ವರ್ಷವನ್ನೂ ಸೂಚಿಸುತ್ತವೆ: '2319' ಎಂದರೆ 2019ರ 23ನೇ ವಾರ. 5 ವರ್ಷಕ್ಕೆ ಬದಲಿಸುವುದು ಲೇಸು. 7 ವರ್ಷ ಮೀರಿ ಬಳಸಬಾರದೆಂಬುದು ತಜ್ಞರ ಸಲಹೆ.

ಜೋಡಣೆ: ಕೊಂಡಿ ಭದ್ರವಾಗಿ ಕೂತಿರಬೇಕು. ಕ್ಯಾರವಾನ್ ಕಳಚಿಕೊಂಡರೆ ಅದರ ಬ್ರೇಕನ್ನು ತಾನಾಗಿ ಎಳೆಯುವ ಸುರಕ್ಷತಾ ತಂತಿಯನ್ನು ಕಾರಿಗೆ ಸಿಕ್ಕಿಸಿರಬೇಕು.

ದೀಪ: ಇನ್ನೊಬ್ಬರನ್ನು ಹಿಂದೆ ನಿಲ್ಲಿಸಿ ಬ್ರೇಕ್ ದೀಪ, ಇಂಡಿಕೇಟರ್ ಪರೀಕ್ಷಿಸಬೇಕು.

ಸಾಮಾನು: ಭಾರದ ವಸ್ತುಗಳನ್ನು ಚಕ್ರಗಳ ನೇರಕ್ಕೆ, ನೆಲಮಟ್ಟದಲ್ಲಿ ಇಡಬೇಕು. ಹಿಂಭಾಗದಲ್ಲಿ ಭಾರ ಹೆಚ್ಚಿದರೆ ಕ್ಯಾರವಾನ್ ವೇಗದಲ್ಲಿ ಓಲಾಡಿ, ಕಾರನ್ನೂ ಹತೋಟಿ ತಪ್ಪಿಸಬಲ್ಲದು.

ದೋಷಯುಕ್ತ ಟೈರ್ ಒಂದಕ್ಕೆ 2,500 ಪೌಂಡ್‌ವರೆಗೆ ದಂಡ ಬೀಳುವುದಲ್ಲದೆ, ಚಾಲನಾ ಪರವಾನಗಿಯ ಮೇಲೆ 3 ದಂಡನಾ ಅಂಕಗಳೂ ದಾಖಲಾಗುತ್ತವೆ.