ಗುರುತಿಲ್ಲದವರಿಗೆ ಒಂದು ಕಾಗದ



ಭಾನುವಾರದ ಬಲಿಪೂಜೆಯಲ್ಲಿ ಎರಡನೆಯ ವಾಚನ ಓದಲು ನಮ್ಮಲ್ಲಿ ಹಲವರು ಮುಂದೆ ಹೋಗುತ್ತೇವೆ. ಸಂತ ಪೌಲರು ರೋಮನರಿಗೆ ಬರೆದ ಪತ್ರದ ಭಾಗಗಳನ್ನು ಎಷ್ಟೋ ಸಲ ಓದಿದ್ದೇವೆ. ಆ ಪತ್ರ ಬರೆಯುವಾಗ ಪೌಲರು ರೋಮ್ ನಗರವನ್ನು ನೋಡಿಯೇ ಇರಲಿಲ್ಲ. ಅಲ್ಲಿಯ ಸಭೆಯನ್ನು ಕಟ್ಟಿದವರೂ ಅವರಲ್ಲ. ಕೆಲವರ ಪರಿಚಯ ಇತ್ತು, ಉಳಿದವರಿಗೆ ಅವರು ಹೆಸರು ಮಾತ್ರ. ಆದರೂ ತಾನು ಯಾರು, ತನ್ನ ನಂಬಿಕೆ ಏನು ಎಂದು ವಿವರವಾಗಿ ಬರೆದು, ಸ್ಪೇನ್ ದೇಶಕ್ಕೆ ಹೋಗುವ ದಾರಿಯಲ್ಲಿ ನಿಮ್ಮನ್ನು ಕಂಡು ನಿಮ್ಮ ನೆರವು ಪಡೆಯಬೇಕೆಂದಿದ್ದೇನೆ ಎಂದು ತಿಳಿಸಿದರು.

ಗುರುತಿಲ್ಲದವರಿಗೆ ಕಾಗದ ಬರೆಯುವುದು ಹೀಗೆ ಬಹಳ ಹಳೆಯ ಅಭ್ಯಾಸ. ಇತ್ತೀಚಿನ ಚರಿತ್ರೆಯಿಂದ ಅಂಥ ಮೂರು ಕಾಗದಗಳ ಕಥೆಯನ್ನು ಇಲ್ಲಿ ಹೇಳುತ್ತೇನೆ. ನಾನು ವಿಜ್ಞಾನ ಓದಿದವನಾದ್ದರಿಂದ ಮೂರೂ ವಿಜ್ಞಾನದ ಕಡೆಯವೇ.

ಢಾಕಾದಿಂದ ಬರ್ಲಿನ್‌ಗೆ

ಸತ್ಯೇಂದ್ರನಾಥ ಬೋಸ್ ಹುಟ್ಟಿದ್ದು 1894ರಲ್ಲಿ, ಕಲ್ಕತ್ತದಲ್ಲಿ. 1921ರಲ್ಲಿ ಢಾಕಾದಲ್ಲಿ ಹೊಸ ವಿಶ್ವವಿದ್ಯಾನಿಲಯ ಶುರುವಾದಾಗ ಅಲ್ಲಿ ಭೌತಶಾಸ್ತ್ರ ಕಲಿಸಲು ಸೇರಿದರು. ಅವರಿಗೆ ಡಾಕ್ಟರೇಟ್ ಇರಲಿಲ್ಲ. ಹೊಸ ಭೌತಶಾಸ್ತ್ರವೆಲ್ಲ ಆಗ ನಡೆಯುತ್ತಿದ್ದದ್ದು ಯುರೋಪಿನಲ್ಲಿ.

ಬಿಸಿಯಾದ ವಸ್ತು ಯಾವ ಬಣ್ಣದ ಬೆಳಕನ್ನು ಎಷ್ಟು ಹೊರಸೂಸುತ್ತದೆ ಎಂಬುದಕ್ಕೆ ಮ್ಯಾಕ್ಸ್ ಪ್ಲಾಂಕ್ 1900ರಲ್ಲೇ ಒಂದು ಸೂತ್ರ ಕೊಟ್ಟಿದ್ದರು. ಸೂತ್ರ ಸರಿಯಾಗಿಯೇ ಇತ್ತು. ಆದರೆ ಅದನ್ನು ಸಾಧಿಸುವ ದಾರಿಯಲ್ಲಿ ಹಳೆಯ ಭೌತಶಾಸ್ತ್ರ ಮತ್ತು ಹೊಸ ಭೌತಶಾಸ್ತ್ರ ಎರಡೂ ಬೆರೆತುಹೋಗಿದ್ದವು. ಬೋಸ್ ಬೇರೆ ದಾರಿ ಹಿಡಿದರು. ಬೆಳಕಿನ ಕಣಗಳನ್ನು ಒಂದರಿಂದ ಇನ್ನೊಂದನ್ನು ಗುರುತಿಸಲು ಸಾಧ್ಯವೇ ಇಲ್ಲ ಎಂಬಂತೆ ಎಣಿಸಿದರು. ಎರಡು ನಾಣ್ಯ ಚಿಮ್ಮಿದರೆ ನಾಲ್ಕು ಫಲಿತಾಂಶ ಎಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಯಾವ ನಾಣ್ಯ ಯಾವುದು ಎಂಬ ಮಾತಿಗೇ ಅರ್ಥವಿಲ್ಲದಿದ್ದರೆ ಫಲಿತಾಂಶ ಮೂರೇ. ಹೀಗೆ ಎಣಿಸಿದಾಗ ಪ್ಲಾಂಕ್ ಸೂತ್ರ ಹಳೆಯದರ ಹಂಗಿಲ್ಲದೆ ತಾನಾಗಿ ಬಂತು.

1924ರ ಜೂನ್ 4ರಂದು ಬೋಸ್ ಆ ಲೇಖನದ ಜೊತೆ ಒಂದು ಪುಟ್ಟ ಕಾಗದ ಇಟ್ಟು ಬರ್ಲಿನ್‌ನಲ್ಲಿದ್ದ ಆಲ್ಬರ್ಟ್ ಐನ್‌ಸ್ಟೈನ್‌ರಿಗೆ ಕಳುಹಿಸಿದರು. ಐನ್‌ಸ್ಟೈನ್ ಆಗಲೇ ನೊಬೆಲ್ ಪಡೆದು ಜಗತ್ತಿಗೆಲ್ಲ ಗೊತ್ತಾದವರು. ಬೋಸ್ ಅವರ ಕಾಗದದ ಸಾರ ಇಷ್ಟು: ಲೇಖನ ಓದಿ ನಿಮ್ಮ ಅಭಿಪ್ರಾಯ ತಿಳಿಸಿ. ಇದನ್ನು ಅನುವಾದಿಸುವಷ್ಟು ಜರ್ಮನ್ ನನಗೆ ಬಾರದು. ಪ್ರಕಟಣೆಗೆ ಯೋಗ್ಯವೆನಿಸಿದರೆ ಜರ್ಮನ್ ಪತ್ರಿಕೆಯಲ್ಲಿ ಪ್ರಕಟವಾಗುವಂತೆ ಮಾಡಿ. ನಾನು ನಿಮಗೆ ಅಪರಿಚಿತ, ಆದರೆ ನಿಮ್ಮ ಬರಹಗಳನ್ನು ಓದಿ ಕಲಿತ ನಾವೆಲ್ಲ ನಿಮ್ಮ ಶಿಷ್ಯರೇ, ಅದಕ್ಕೇ ಕೇಳಲು ಸಂಕೋಚಪಡುತ್ತಿಲ್ಲ. ಕೊನೆಯಲ್ಲಿ ಇನ್ನೊಂದು ಮಾತನ್ನೂ ನೆನಪಿಸಿದರು. ಸಾಪೇಕ್ಷತೆಯ ಲೇಖನಗಳನ್ನು ಇಂಗ್ಲಿಷಿಗೆ ತರಲು ಹಿಂದೆ ಕಲ್ಕತ್ತದಿಂದ ಐನ್‌ಸ್ಟೈನ್‌ರ ಅನುಮತಿ ಕೇಳಲಾಗಿತ್ತು. ಮೇಘನಾದ ಸಹಾ ಅವರ ಜೊತೆ ಆ ಅನುವಾದ ಮಾಡಿದವರಲ್ಲಿ ಬೋಸ್ ಕೂಡ ಒಬ್ಬರು.

ಒಂದು ತಿಂಗಳೊಳಗೆ, ಜುಲೈ 2ರಂದು, ಐನ್‌ಸ್ಟೈನ್ ಒಂದು ಪೋಸ್ಟ್‌ಕಾರ್ಡಿನಲ್ಲಿ ಉತ್ತರ ಬರೆದರು. ಇದು ಮುಖ್ಯವಾದ ಮುನ್ನಡೆ ಎಂದು ಮೆಚ್ಚಿಕೊಂಡಿದ್ದರು. ಲೇಖನವನ್ನು ತಾವೇ ಕೂತು ಜರ್ಮನ್ ಭಾಷೆಗೆ ಅನುವಾದಿಸಿ, ಕೊನೆಗೆ ತಮ್ಮ ಟಿಪ್ಪಣಿಯನ್ನೂ ಸೇರಿಸಿ ಪ್ರಕಟಿಸಿದರು.

ಆ ಪೋಸ್ಟ್‌ಕಾರ್ಡ್ ಮಾಡಿದ ಕೆಲಸ ನೋಡಿ. ಅದರ ಬಲದಿಂದ ಬೋಸ್ ಅವರಿಗೆ ಯುರೋಪಿನಲ್ಲಿ ಎರಡು ವರ್ಷ ಅಧ್ಯಯನ ಮಾಡಲು ರಜೆ ಸಿಕ್ಕಿತು. ಜರ್ಮನಿಯ ವೀಸಾ ಕೂಡ ಅದನ್ನು ತೋರಿಸಿಯೇ ಸಿಕ್ಕಿತೆಂದು ಅವರು ಮುಂದೆ ಹೇಳುತ್ತಿದ್ದರು. ಪ್ಯಾರಿಸ್‌ಗೆ ಹೋಗಿ, ಬರ್ಲಿನ್‌ನಲ್ಲಿ ಐನ್‌ಸ್ಟೈನ್‌ರನ್ನು ಕಂಡು 1926ರಲ್ಲಿ ಮರಳಿ ಬಂದ ಮೇಲೆ ಢಾಕಾದಲ್ಲಿ ಪ್ರೊಫೆಸರ್ ಆದರು. ಐನ್‌ಸ್ಟೈನ್ ಅದೇ ಎಣಿಕೆಯನ್ನು ಅನಿಲಗಳಿಗೆ ಅನ್ವಯಿಸಿ, ಅತಿ ತಣ್ಣಗಿನ ಸ್ಥಿತಿಯಲ್ಲಿ ಪರಮಾಣುಗಳೆಲ್ಲ ಒಂದೇ ಸ್ಥಿತಿಗೆ ಇಳಿಯಬಹುದು ಎಂದರು. 1995ರಲ್ಲಿ ಅಮೆರಿಕದ ಪ್ರಯೋಗಾಲಯದಲ್ಲಿ ಅದು ನಿಜವಾಯಿತು. ಆ ಕೆಲಸಕ್ಕೆ 2001ರ ನೊಬೆಲ್ ಬಂತು. ಇಂದು ಜಗತ್ತಿನ ಕಣಗಳಲ್ಲಿ ಒಂದು ಇಡೀ ವರ್ಗಕ್ಕೆ ‘ಬೋಸಾನ್’ ಎಂಬ ಹೆಸರಿದೆ.

ಇನ್ನೂ ಒಂದು ವಿಷಯ ಇದೆ. ಬೋಸ್ ಅದೇ ಜೂನ್‌ನಲ್ಲಿ ಎರಡನೆಯ ಲೇಖನವನ್ನೂ ಕಳುಹಿಸಿದ್ದರು. ಐನ್‌ಸ್ಟೈನ್‌ರಿಗೆ ಅದು ಒಪ್ಪಿಗೆಯಾಗಲಿಲ್ಲ. ಆದರೂ ಅನುವಾದಿಸಿ, ಯಾಕೆ ಒಪ್ಪುವುದಿಲ್ಲ ಎಂಬ ಟಿಪ್ಪಣಿಯೊಡನೆ ಪ್ರಕಟಿಸಿದರು. ಅದಕ್ಕೂ ಮೊದಲಿನದಕ್ಕೆ ಕೊಟ್ಟಷ್ಟೇ ಗಮನ ಕೊಟ್ಟರು.

ಮದ್ರಾಸಿನ ಗುಮಾಸ್ತ

ಎರಡನೆಯ ಕಾಗದ ನಿಮಗೆ ಗೊತ್ತಿರಬಹುದು. ಮದ್ರಾಸ್ ಪೋರ್ಟ್ ಟ್ರಸ್ಟ್‌ನ ಲೆಕ್ಕಪತ್ರ ವಿಭಾಗದಲ್ಲಿ ಶ್ರೀನಿವಾಸ ರಾಮಾನುಜನ್ ಗುಮಾಸ್ತರಾಗಿದ್ದರು. ವಯಸ್ಸು 25. ಗಣಿತ ಬಿಟ್ಟು ಬೇರೆ ವಿಷಯಗಳಲ್ಲಿ ಫೇಲಾಗಿ ಕಾಲೇಜು ಅರ್ಧಕ್ಕೆ ನಿಂತಿತ್ತು. 1913ರ ಜನವರಿ 16ರಂದು ಕೇಂಬ್ರಿಜ್‌ನ ಜಿ.ಎಚ್. ಹಾರ್ಡಿಯವರಿಗೆ ಬರೆದ ಕಾಗದದಲ್ಲಿ ಅವರು ಇದನ್ನು ಮುಚ್ಚಿಡಲಿಲ್ಲ. ವರ್ಷಕ್ಕೆ 20 ಪೌಂಡ್ ಸಂಬಳದ ಗುಮಾಸ್ತ, ವಿಶ್ವವಿದ್ಯಾನಿಲಯದ ಶಿಕ್ಷಣ ಇಲ್ಲ ಎಂದು ಮೊದಲಲ್ಲೇ ಹೇಳಿಕೊಂಡು, ತಾನು ಕಂಡುಕೊಂಡ ಪ್ರಮೇಯಗಳನ್ನು ಪುಟಗಟ್ಟಲೆ ಜೊತೆಗಿಟ್ಟರು.

ಅದಕ್ಕೂ ಮೊದಲು ಕೇಂಬ್ರಿಜ್‌ನ ಇನ್ನಿಬ್ಬರು ದೊಡ್ಡ ಗಣಿತಜ್ಞರಿಗೆ ಬರೆದಿದ್ದರು. ಅವರಿಂದ ಏನೂ ಪ್ರಯೋಜನ ಆಗಿರಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ? ಹಾರ್ಡಿ ಆ ಪುಟಗಳನ್ನು ಗೆಳೆಯ ಲಿಟಲ್‌ವುಡ್ ಜೊತೆ ಕೂತು ಓದಿದರು. ಕೆಲವು ಆಗಲೇ ಗೊತ್ತಿದ್ದವು, ಕೆಲವು ತಪ್ಪಿದ್ದವು, ಕೆಲವು ಅವರು ಎಂದೂ ಕಾಣದಂಥವು. ಫೆಬ್ರವರಿ 8ರಂದು ಉತ್ತರ ಬರೆದು ಸಾಧನೆಯ ವಿವರ ಕೇಳಿದರು. 1914ರಲ್ಲಿ ರಾಮಾನುಜನ್ ಇಂಗ್ಲೆಂಡಿಗೆ ಹೋದರು, 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1920ರಲ್ಲಿ 32ನೆಯ ವಯಸ್ಸಿಗೇ ತೀರಿಕೊಂಡರು.

ಸಂಡೇ ಸ್ಕೂಲಿನ ಪ್ರಶ್ನೆ

ಮೂರನೆಯ ಕಾಗದ ನಮ್ಮ ಧರ್ಮೋಪದೇಶದ ಮಕ್ಕಳಿಗೆ ಇಷ್ಟವಾಗಬಹುದು. 1936ರ ಜನವರಿಯಲ್ಲಿ ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನ ಸಂಡೇ ಸ್ಕೂಲಿನಲ್ಲಿ ಒಂದು ಪ್ರಶ್ನೆ ಎದ್ದಿತು: ವಿಜ್ಞಾನಿಗಳು ಪ್ರಾರ್ಥನೆ ಮಾಡುತ್ತಾರಾ? ಆರನೆಯ ತರಗತಿಯ ಹುಡುಗಿಯೊಬ್ಬಳು ಎಲ್ಲರ ಪರವಾಗಿ ಐನ್‌ಸ್ಟೈನ್‌ರಿಗೇ ಬರೆದು ಕೇಳಿದಳು.

ಕೆಲವೇ ದಿನಗಳಲ್ಲಿ ಉತ್ತರ ಬಂತು. ಮಗು ಎಂದು ಸಿಹಿ ಮಾತಾಡಿ ಮುಗಿಸಲಿಲ್ಲ. ಎಲ್ಲವೂ ಪ್ರಕೃತಿಯ ನಿಯಮದಂತೆ ನಡೆಯುತ್ತದೆ ಎಂದು ನಂಬುವ ವಿಜ್ಞಾನಿ, ಪ್ರಾರ್ಥನೆಯಿಂದ ಘಟನೆಗಳು ಬದಲಾಗುತ್ತವೆ ಎಂದು ನಂಬುವುದು ಕಷ್ಟ ಎಂದರು. ಆದರೆ ಆ ನಿಯಮಗಳ ಬಗ್ಗೆ ನಮ್ಮ ತಿಳಿವು ಅಪೂರ್ಣ, ಆದ್ದರಿಂದ ಅದೂ ಒಂದು ಬಗೆಯ ನಂಬಿಕೆಯೇ ಎಂದೂ ಹೇಳಿದರು. ಮನಸ್ಸಿಟ್ಟು ವಿಜ್ಞಾನದಲ್ಲಿ ತೊಡಗಿದವನಿಗೆ ವಿಶ್ವದ ನಿಯಮಗಳಲ್ಲಿ ಮನುಷ್ಯನಿಗಿಂತ ಬಹಳ ದೊಡ್ಡದಾದ ಒಂದು ಚೈತನ್ಯ ಕಾಣುತ್ತದೆ ಎಂಬ ಮಾತೂ ಅದರಲ್ಲಿತ್ತು. ಚರ್ಚಿನ ಮಕ್ಕಳು ನಿರೀಕ್ಷಿಸಿದ ಉತ್ತರ ಇದಾಗಿರಲಿಕ್ಕಿಲ್ಲ. ನಾವೂ ಅವರ ಮಾತನ್ನೆಲ್ಲ ಒಪ್ಪಬೇಕೆಂದಿಲ್ಲ. ಆದರೆ ಪ್ರಾಮಾಣಿಕ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಸಿಕ್ಕಿತು.

ನಮ್ಮ ಸರದಿ

ಈ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಕ್ರಮ ಕಾಣುತ್ತದೆ. ಬರೆದವರು ತಾವು ಯಾರೆಂದು ನೇರವಾಗಿ ಹೇಳಿದರು, ಇಲ್ಲದ ದೊಡ್ಡಸ್ತಿಕೆ ತೋರಿಸಲಿಲ್ಲ. ಯಾರಿಗೆ ಬರೆಯಬೇಕೆಂದು ಯೋಚಿಸಿ ಆರಿಸಿದರು. ಬೇಕಾದದ್ದನ್ನು ಸ್ಪಷ್ಟವಾಗಿ ಕೇಳಿದರು. ಬೋಸ್ ಮತ್ತು ರಾಮಾನುಜನ್ ತಮ್ಮ ಕೆಲಸವನ್ನೇ ಜೊತೆಗಿಟ್ಟರು. ಉತ್ತರ ಬರುತ್ತದೆಂಬ ಭರವಸೆ ಯಾರಿಗೂ ಇರಲಿಲ್ಲ.

ಕಾಸರಗೋಡಿನ ನಮಗೆ ಇದು ಬೇಕಾದ ಪಾಠ. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡ ಬಾರದ ಟೀಚರ್ ಬಂದಾಗ, ಆಫೀಸಿನ ಫಾರಂ ಅಪ್ಪ ಅಮ್ಮನಿಗೆ ಓದಲು ಬಾರದಾಗ, ಬಲಿಪೂಜೆ ಮುಗಿಸಿ ಚರ್ಚಿನ ಅಂಗಳದಲ್ಲಿ ನಿಂತು ಮಾತಾಡುತ್ತೇವೆ. ನಮ್ಮ ಮಾತು ಯಾರು ಕೇಳುತ್ತಾರೆ ಎಂದು ಹೇಳಿ ಮನೆಗೆ ಹೋಗುತ್ತೇವೆ. ಕಾಗದ ಬರೆಯುವವರು ಕಡಿಮೆ.

ಸಂವಿಧಾನದ 350ನೇ ವಿಧಿಯನ್ನು ಒಮ್ಮೆ ಓದಿ ನೋಡಿ. ಯಾವುದೇ ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಎಂದರೆ ಕಲೆಕ್ಟರಿಗೆ ನಾವು ಕನ್ನಡದಲ್ಲೇ ಬರೆಯಬಹುದು. 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಬಗ್ಗೆ ಹೇಳುತ್ತದೆ. ಬೋಸ್ ತನಗೆ ಜರ್ಮನ್ ಬಾರದು ಎಂದು ಒಪ್ಪಿಕೊಂಡು ಸಹಾಯ ಕೇಳಬೇಕಾಯಿತು. ನಮಗೆ ಆ ಸಂಕೋಚವೂ ಬೇಡ, ಕಾನೂನೇ ನಮ್ಮ ಭಾಷೆಗೆ ಜಾಗ ಕೊಟ್ಟಿದೆ.

ದೂರು ಮಾತ್ರ ಬರೆಯಬೇಕೆಂದೇನೂ ಇಲ್ಲ. ನೀವು ಓದಿ ಮೆಚ್ಚಿದ ಲೇಖಕರಿಗೆ ಬರೆಯಿರಿ. ನಿಮ್ಮ ವಿಷಯದಲ್ಲಿ ಸಂಶೋಧನೆ ಮಾಡುತ್ತಿರುವ ಪ್ರೊಫೆಸರರಿಗೆ ಒಂದು ಪ್ರಶ್ನೆ ಕಳುಹಿಸಿ. ಮುಂದಿನ ಯುವಜನ ಕೂಟಕ್ಕೆ ಬರುವಾಗ ಒಬ್ಬೊಬ್ಬರೂ ಒಂದು ಇನ್‌ಲ್ಯಾಂಡ್ ಲೆಟರ್ ತನ್ನಿ, ಯಾರಿಗೆ ಬರೆಯಬೇಕೆಂದು ಮೊದಲೇ ಯೋಚಿಸಿಕೊಂಡಿರಿ. ಅಲ್ಲೇ ಕೂತು ಬರೆದು, ಒಟ್ಟಿಗೆ ಹೋಗಿ ಪೋಸ್ಟ್ ಆಫೀಸಿನ ಡಬ್ಬಿಗೆ ಹಾಕಿ ಬರೋಣ. ಎರಡು ತಿಂಗಳಲ್ಲಿ ಉತ್ತರ ಬಾರದಿದ್ದರೆ ಇನ್ನೊಂದು ಬರೆಯೋಣ.