ಮರುಭೂಮಿಯೂ ಮೆಟ್ರೋ ಆದ ಕತೆ

ಮೊನ್ನೆ ಆಫೀಸಿನಲ್ಲಿ ಅಮೆರಿಕದ ಜನಗಣತಿ ಡೇಟಾ ಜೊತೆ ಗುದ್ದಾಡ್ತಾ ಇದ್ದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಕೌಂಟಿಯ ಬಹುಭಾಗ ಮೊಹಾವೆ ಮರುಭೂಮಿ. ಟೇಬಲ್‌ನಲ್ಲಿ ನೋಡಿದ್ರೆ ಇಡೀ ಕೌಂಟಿ 'ಮೆಟ್ರೋಪಾಲಿಟನ್'! ನನ್ನ ಕೋಡ್‌ನಲ್ಲೇ ಬಗ್ ಇರ್ಬೇಕು ಅಂದ್ಕೊಂಡೆ. ಇರಲಿಲ್ಲ :)

1910ರ ಗಣತಿಯಲ್ಲೇ ದೊಡ್ಡ ನಗರಗಳ ಸುತ್ತ 'ಮೆಟ್ರೋಪಾಲಿಟನ್ ಜಿಲ್ಲೆ'ಗಳನ್ನು ಗುರುತಿಸಿದ್ದರು. ಆದರೆ ಒಂದೊಂದು ಇಲಾಖೆ ಒಂದೊಂದು ಗೆರೆ ಎಳೆದುಕೊಂಡು, ಅಂಕಿಗಳನ್ನು ಹೋಲಿಸೋದೇ ಕಷ್ಟವಾಯ್ತು. 1949ರಲ್ಲಿ ಬಜೆಟ್ ಬ್ಯೂರೋ ಎಲ್ಲರಿಗೂ ಒಂದೇ ನಿಯಮ ತಂದಿತು. ನ್ಯೂ ಇಂಗ್ಲೆಂಡ್ ಬಿಟ್ಟು ಉಳಿದೆಡೆ ಇಡೀ ಕೌಂಟಿಯೇ ಇಟ್ಟಿಗೆ. ಕೌಂಟಿವಾರು ಅಂಕಿ ಸುಲಭವಾಗಿ ಸಿಗುತ್ತೆ, ಗಡಿ ಬದಲಾಗೋದು ಅಪರೂಪ. ಇಟ್ಟಿಗೆ ಒಡೆಯೋ ಹಾಗಿಲ್ಲವಲ್ಲ, ಮರಳೂ ಮೆಟ್ರೋಗೆ ಸೇರಿತು!

2003ರಲ್ಲಿ ಸಣ್ಣ ಊರುಗಳಿಗೂ ಹೆಸರು ಸಿಕ್ತು. ನಡುವಿನ ಪಟ್ಟಣದಲ್ಲಿ 50,000 ಜನ ಇದ್ದರೆ ಮೆಟ್ರೋ. ಅದಕ್ಕಿಂತ ಕಡಿಮೆ, ಆದ್ರೆ 10,000ಕ್ಕೆ ಕಮ್ಮಿ ಇಲ್ಲ ಅಂದ್ರೆ 'ಮೈಕ್ರೋಪಾಲಿಟನ್'. ಪಕ್ಕದ ಕೌಂಟಿಯ ದುಡಿಯುವವರಲ್ಲಿ ನೂರಕ್ಕೆ 25 ಮಂದಿ ಅಲ್ಲಿಗೆ ಕೆಲಸಕ್ಕೆ ಹೋಗ್ತಿದ್ರೆ ಆ ಕೌಂಟಿಯೂ ಸೇರ್ಪಡೆ.

ಅಸಲಿ ಜಗಳ ಆಗಿದ್ದು 2021ರಲ್ಲಿ. 50,000ವನ್ನು 1,00,000 ಮಾಡೋಣ ಅಂತ ಪ್ರಸ್ತಾಪ ಬಂತು. 144 ಪ್ರದೇಶಗಳು ಮೆಟ್ರೋ ಪಟ್ಟ ಕಳ್ಕೊಳ್ತಿದ್ದವು. ಭಾರೀ ವಿರೋಧ ಬಂದು ಜುಲೈನಲ್ಲಿ ಕೈಬಿಟ್ಟರು. ಇದು ಬರೀ ಅಂಕಿಅಂಶಕ್ಕೆ, ಅನುದಾನ ಹಂಚೋದಕ್ಕಲ್ಲ ಅಂತ ಸರ್ಕಾರ ಹೇಳ್ತಾನೇ ಬಂದಿದೆ. ಆದ್ರೆ ಮೆಡಿಕೇರ್ ಆಸ್ಪತ್ರೆಗಳಿಗೆ ಕೊಡೋ ದುಡ್ಡಿನ ಲೆಕ್ಕಕ್ಕೂ ಇದೇ ಗೆರೆ ಬಳಕೆಯಾಗುತ್ತೆ.

ಎಣಿಸೋಕೆ ಅಂತ ಎಳೆದ ಗೆರೆ, ಕೊನೆಗೆ ಹಂಚೋಕೂ ಅದೇ. ನನ್ನ ಟೇಬಲ್‌ನ ಒಂದು ಕಾಲಂ ಹಿಂದೆ ಇಷ್ಟೆಲ್ಲ ಇತ್ತು ನೋಡಿ.. ನೀವೇನಂತೀರಿ?